ಬಜೆಟ್ ಪುಸ್ತಕದಲ್ಲಿ ಕಾಣದ ತೆರಿಗೆ: ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಹಣಕಾಸು ಸಚಿವರೇ,

ಹೆಚ್ಚಿನ ಸಂಬಳದ ಕೆಲಸ ಎದುರಿಗಿದ್ದರೂ ಬೇಡವೆಂದ ಹೆಂಗಸೊಬ್ಬರಿಂದ ಈ ಪತ್ರ ಶುರು ಮಾಡುತ್ತೇನೆ. ಗಂಡ ಇಲ್ಲ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಅರ್ಧ ದಿನದ ಕೆಲಸ, ಜತೆಗೆ ಮೂರು ಬೇರೆ ಬೇರೆ ಯೋಜನೆಗಳ ಸಹಾಯಧನ. ಮೇಲ್ವಿಚಾರಕರು ಪೂರ್ಣಾವಧಿಗೆ ಬನ್ನಿ ಎಂದು ಕರೆದಿದ್ದರು. ಅರ್ಜಿ ತುಂಬಲು ಬಾರದವರಿಗೆ ನಾನು ಬಿಡುವಿನ ವೇಳೆಯಲ್ಲಿ ನೆರವಾಗುತ್ತೇನೆ, ಹಾಗಾಗಿ ಅವರು ನನ್ನ ಬಳಿ ಬಂದರು. ಇಬ್ಬರೂ ಕೂತು ಎರಡು ಗಂಟೆ ಲೆಕ್ಕ ಹಾಕಿದೆವು. ಸಂಬಳ ಹೆಚ್ಚುಕಡಿಮೆ ಎರಡರಷ್ಟಾಗುತ್ತಿತ್ತು. ಆದರೆ ಒಂದು ಯೋಜನೆಯ ಆದಾಯ ಮಿತಿ ದಾಟಿ ಅದು ಪೂರ್ತಿ ನಿಲ್ಲುತ್ತಿತ್ತು, ಎರಡನೆಯದೂ ಹಾಗೆಯೇ, ಮೂರನೆಯದು ಅರ್ಧಕ್ಕಿಳಿಯುತ್ತಿತ್ತು. ಮೇಲೆ ತೆರಿಗೆ. ಸಂಜೆಯವರೆಗೆ ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡಬೇಕಾದ ಹಣವನ್ನೂ ಸೇರಿಸಿದಾಗ, ದುಡಿಮೆ ದುಪ್ಪಟ್ಟಾಗಿ ಕೈಗೆ ಬರುವ ಹಣ ಮೊದಲಿಗಿಂತ ಕಡಿಮೆಯಾಗಿತ್ತು.

ಅವರು ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ನಾವು ಮೇಲೆ ಬರಬಾರದು ಅಂತಲೇ ಹೀಗೆ ಮಾಡಿದಾರಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವರು ತಾವು ಎಂದು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಯಾರೂ ಬೇಕೆಂದು ಮಾಡಿದ್ದಲ್ಲ ಎಂದು ನನಗೆ ಗೊತ್ತು. ಒಂದೊಂದು ಯೋಜನೆಯನ್ನೂ ಒಂದೊಂದು ಇಲಾಖೆ ರೂಪಿಸಿದೆ. ಬಿಡಿಯಾಗಿ ನೋಡಿದರೆ ಪ್ರತಿಯೊಂದರ ನಿಯಮವೂ ಸರಿಯೇ. ಬಡವರಿಗೆ ಮಾತ್ರ ಸಿಗಲಿ, ಉಳ್ಳವರಿಗೆ ಹೋಗದಿರಲಿ ಎಂಬ ಕಾಳಜಿ ಅದರಲ್ಲಿದೆ. ಆದರೆ ಆ ಎಲ್ಲ ನಿಯಮಗಳೂ ಬಂದು ಸೇರುವುದು ಒಂದೇ ಮನೆಯಲ್ಲಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸ್ಥಿತಿ. ದುಡಿಯಿರಿ ಎಂದು ಒಂದು ಇಲಾಖೆ ಹೇಳುತ್ತದೆ, ದುಡಿದದ್ದಕ್ಕೆ ಇನ್ನೊಂದು ಇಲಾಖೆ ದಂಡ ಹಾಕುತ್ತದೆ. ಹೊಸದಾಗಿ ಗಳಿಸಿದ ನೂರರಲ್ಲಿ ತೆರಿಗೆಯಾಗಿ ಹೋದದ್ದು ಮತ್ತು ಸಹಾಯಧನದಲ್ಲಿ ಕಡಿತವಾದದ್ದು ಎರಡನ್ನೂ ಕೂಡಿಸಿದರೆ ಬರುವ ಮೊತ್ತವನ್ನು ಅರ್ಥಶಾಸ್ತ್ರಜ್ಞರು ನಿಜವಾದ ಅಂಚಿನ ತೆರಿಗೆ ದರ ಎನ್ನುತ್ತಾರೆ. ತಮ್ಮ ಬಜೆಟ್ ಪುಸ್ತಕದಲ್ಲಿ ಅತಿ ಶ್ರೀಮಂತರ ಮೇಲಿನ ದರ ಎಷ್ಟೆಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ಅದಕ್ಕಿಂತ ಹೆಚ್ಚಿನ ದರ ತೆರುತ್ತಿರುವ ಈ ಹೆಂಗಸಿನ ಲೆಕ್ಕ ಅದರ ಯಾವ ಪುಟದಲ್ಲೂ ಇಲ್ಲ.

ಇದು ಒಂದು ದೇಶದ ಕಾಯಿಲೆಯಲ್ಲ. ಬ್ರಿಟನ್ನಿನಲ್ಲಿ ಅಂಗವಿಕಲರನ್ನೋ ವಯಸ್ಸಾದವರನ್ನೋ ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡುವವರಿಗೆ ಒಂದು ಭತ್ಯೆಯಿದೆ. 2024-25ರಲ್ಲಿ ಅದು ವಾರಕ್ಕೆ 81.90 ಪೌಂಡ್, ಹೊರಗಿನ ದುಡಿಮೆಯ ಮಿತಿ ವಾರಕ್ಕೆ 151 ಪೌಂಡ್. ಮಿತಿಗಿಂತ ಒಂದು ಪೌಂಡ್ ಹೆಚ್ಚು ದುಡಿದರೂ ಆ ವಾರದ ಭತ್ಯೆ ಒಂದಿಷ್ಟೂ ಉಳಿಯುತ್ತಿರಲಿಲ್ಲ. ಗೊತ್ತಿಲ್ಲದೆ ಮಿತಿ ದಾಟಿದ ಎಷ್ಟೋ ಮಂದಿಗೆ ವರ್ಷಗಳ ನಂತರ, ಸಾವಿರಾರು ಪೌಂಡ್ ಮರಳಿ ಕಟ್ಟಿ ಎಂಬ ನೋಟಿಸು ಬಂತು. 2025ರ ಏಪ್ರಿಲ್‌ನಿಂದ ಮಿತಿಯನ್ನು 196 ಪೌಂಡಿಗೆ ಏರಿಸಿದರು. ಒಳ್ಳೆಯದೇ ಆಯಿತು, ಆದರೆ ಮಿತಿ ದಾಟಿದೊಡನೆ ಎಲ್ಲವೂ ಹೋಗುವ ಆ ಪ್ರಪಾತ ಇದ್ದ ಹಾಗೆಯೇ ಇದೆ, ಸ್ವಲ್ಪ ಮುಂದಕ್ಕೆ ಹೋಗಿದೆ ಅಷ್ಟೆ.

ಇಂಥ ಅಂಚುಗಳ ಹತ್ತಿರ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆ ಬಂದ ಅತ್ಯಂತ ಸ್ವಾರಸ್ಯಕರ ಅಧ್ಯಯನಗಳಲ್ಲೊಂದು ಪಾಕಿಸ್ತಾನದ ಆದಾಯ ತೆರಿಗೆಯ ಕುರಿತಾದದ್ದು. ಅರ್ಥಶಾಸ್ತ್ರಜ್ಞರಾದ ಹೆನ್ರಿಕ್ ಕ್ಲೆವೆನ್ ಮತ್ತು ಮಜಹರ್ ವಸೀಂ 2013ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿನ ಪದ್ಧತಿಯಲ್ಲಿ ಆದಾಯ ಒಂದು ಗೆರೆ ದಾಟಿದರೆ ಹೆಚ್ಚಿನ ದರ ಬೀಳುತ್ತಿದ್ದುದು ದಾಟಿದ ಭಾಗಕ್ಕಲ್ಲ, ಇಡೀ ಆದಾಯಕ್ಕೆ. ಹೀಗಾಗಿ ಗೆರೆಯ ಸ್ವಲ್ಪ ಮೇಲಿದ್ದವರ ಕೈಗೆ, ಗೆರೆಯ ಕೆಳಗಿದ್ದವರಿಗಿಂತ ಕಡಿಮೆ ಹಣ ಉಳಿಯುತ್ತಿತ್ತು. ಸ್ವಂತ ವ್ಯವಹಾರ ಮಾಡುವವರು ದೊಡ್ಡ ಸಂಖ್ಯೆಯಲ್ಲಿ ಗೆರೆಯ ಕೆಳಗೇ ಬಂದು ನಿಂತರು. ಸಂಬಳದವರಲ್ಲಿ ಬಹುಪಾಲು ಜನ ಕದಲಲಿಲ್ಲ, ನಷ್ಟವಾಗುವ ಜಾಗದಲ್ಲೇ ಉಳಿದರು. ತಮ್ಮ ಆದಾಯವನ್ನು ಹಿಂದೆ ಮುಂದೆ ಸರಿಸುವ ಅನುಕೂಲ ಅವರಿಗಿರಲಿಲ್ಲ. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಇದು: ಅಂಚನ್ನು ಮುಂಚೆಯೇ ನೋಡಿ ಹಿಂದೆ ಸರಿಯುವ ಶಕ್ತಿ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ನಮ್ಮ ಹೆಂಗಸಿಗೆ ಲೆಕ್ಕ ಹಾಕಲು ಒಬ್ಬರು ಸಿಕ್ಕಿದ್ದರು. ಸಿಗದವರು ಮೊದಲು ಕೆಲಸಕ್ಕೆ ಸೇರಿರುತ್ತಾರೆ, ಆಮೇಲೆ ನೋಟಿಸು ಓದುತ್ತಾರೆ.

ಪ್ರಪಾತದ ಬದಲು ಇಳಿಜಾರು ಮಾಡಬಹುದು ಎಂಬುದು ಹಳೆಯ ತಿಳಿವಳಿಕೆ. ಆದಾಯ ಏರಿದಂತೆ ಸಹಾಯಧನ ಸ್ವಲ್ಪ ಸ್ವಲ್ಪವೇ ಇಳಿಯಬೇಕು. ಅಮೆರಿಕದಲ್ಲಿ 1975ರಲ್ಲಿ ಶುರುವಾದ ದುಡಿಮೆ ಆಧಾರಿತ ತೆರಿಗೆ ಮರುಪಾವತಿ ಹೀಗೇ ಇದೆ. ಇಬ್ಬರು ಮಕ್ಕಳಿರುವ ಕುಟುಂಬಕ್ಕೆ ಮೊದಲ ಹಂತದಲ್ಲಿ ದುಡಿದ ಪ್ರತಿ ನೂರು ಡಾಲರಿಗೆ ಸರ್ಕಾರ 40 ಸೇರಿಸುತ್ತದೆ. ನಂತರ ಒಂದು ಸಮತಟ್ಟು. ಆಮೇಲೆ ನೂರಕ್ಕೆ ಸುಮಾರು 21ರಂತೆ ಇಳಿಕೆ. ಬ್ರಿಟನ್ನಿನಲ್ಲಿ ಹಳೆಯ ಹಲವು ಸೌಲಭ್ಯಗಳು ಒಂದರ ಮೇಲೊಂದು ಬಿದ್ದು, ಕೆಲವರು ಹೊಸದಾಗಿ ದುಡಿದ ನೂರರಲ್ಲಿ 90ಕ್ಕೂ ಹೆಚ್ಚನ್ನು ಕಳೆದುಕೊಳ್ಳುತ್ತಿದ್ದರು. ಅವನ್ನೆಲ್ಲ ಒಂದುಗೂಡಿಸಲು 2013ರಲ್ಲಿ ಬಂದ ಯೂನಿವರ್ಸಲ್ ಕ್ರೆಡಿಟ್ ಯೋಜನೆಯಲ್ಲಿ ಕಡಿತ ನೂರಕ್ಕೆ 65 ಇತ್ತು, 2017ರಲ್ಲಿ 63ಕ್ಕೂ 2021ರಲ್ಲಿ 55ಕ್ಕೂ ಇಳಿಯಿತು. ಆ ಯೋಜನೆಯ ಬಗ್ಗೆ ನನಗೆ ಬೇರೆ ತಕರಾರುಗಳಿವೆ. ಮೊದಲ ಹಣಕ್ಕೇ ವಾರಗಟ್ಟಲೆ ಕಾಯಿಸುವುದು ಅವುಗಳಲ್ಲಿ ಒಂದು. ಆದರೆ ಎಲ್ಲ ಕಡಿತವನ್ನೂ ಒಂದೇ ಅಂಕಿಯಲ್ಲಿ ಜನರೆದುರು ಇಟ್ಟಿದ್ದು ದೊಡ್ಡ ಕೆಲಸ. ಅಂಕಿ ಎಲ್ಲರಿಗೂ ಕಂಡದ್ದರಿಂದಲೇ ಅದರ ಬಗ್ಗೆ ಜಗಳವಾಡಲು ಸಾಧ್ಯವಾಯಿತು, ಜಗಳವಾಡಿದ್ದರಿಂದಲೇ ಅದು ಇಳಿಯಿತು.

ಇಳಿಜಾರಿಗೂ ಬೆಲೆಯಿದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ತಮ್ಮ ಅಧಿಕಾರಿಗಳು ಹೇಗೂ ಹೇಳುತ್ತಾರೆ. ಏನೂ ಇಲ್ಲದವರಿಗೆ ಸಾಕಷ್ಟು ಕೊಡಬೇಕು, ಇಳಿಕೆ ನಿಧಾನವಾಗಿರಬೇಕು, ಬೊಕ್ಕಸಕ್ಕೆ ಹೊರೆಯೂ ಆಗಬಾರದು. ಈ ಮೂರನ್ನೂ ಒಟ್ಟಿಗೆ ಪೂರ್ತಿಯಾಗಿ ಪಡೆಯಲು ಯಾರಿಂದಲೂ ಆಗಿಲ್ಲ. ಇಳಿಕೆ ನಿಧಾನವಾದಷ್ಟೂ ಸಹಾಯಧನ ಮಧ್ಯಮ ವರ್ಗದವರೆಗೆ ಚಾಚಿಕೊಳ್ಳುತ್ತದೆ, ಖರ್ಚು ಬೆಳೆಯುತ್ತದೆ. 1971ರಲ್ಲಿ ಅರ್ಥಶಾಸ್ತ್ರಜ್ಞ ಜೇಮ್ಸ್ ಮಿರ್ಲೀಸ್ ಈ ಕಗ್ಗಂಟನ್ನು ಗಣಿತದಲ್ಲಿಟ್ಟು ನೋಡಿದರು. 1996ರಲ್ಲಿ ಅವರಿಗೆ ನೊಬೆಲ್ ಬಂತು. ಆ ಗಣಿತ ಆಯ್ಕೆಯನ್ನು ಸ್ಪಷ್ಟ ಮಾಡುತ್ತದೆ, ನಮ್ಮ ಪರವಾಗಿ ಆಯ್ಕೆ ಮಾಡುವುದಿಲ್ಲ. ಆಯ್ಕೆ ತಮ್ಮದು. ನನ್ನ ದೂರು ಇಷ್ಟೇ: ಈಗ ಆಯ್ಕೆಯನ್ನು ಯಾರೂ ಮಾಡುತ್ತಿಲ್ಲ, ಅದು ತಾನಾಗಿ ಆಗಿಹೋಗುತ್ತಿದೆ.

ಸಂಶೋಧಕರಲ್ಲೂ ಒಮ್ಮತವಿಲ್ಲದ ಕಡೆಗಳಿವೆ. ಅಮೆರಿಕದ ಆ ಮರುಪಾವತಿಯನ್ನು 1986ರಲ್ಲಿ ಹಿಗ್ಗಿಸಿದ ಮೇಲೆ ಒಂಟಿ ತಾಯಂದಿರು ಕೆಲಸಕ್ಕೆ ಸೇರುವುದು ಹೆಚ್ಚಿತು ಎಂದು ನಾಡಾ ಈಸಾ ಮತ್ತು ಜೆಫ್ರಿ ಲೀಬ್‌ಮನ್ 1996ರಲ್ಲಿ ತೋರಿಸಿದ್ದರು. ಎರಡು ದಶಕಗಳ ಕಾಲ ಅದು ಪಠ್ಯಪುಸ್ತಕದ ಮಾತಾಗಿತ್ತು. ಆಮೇಲೆ ಮೇಲೆ ಹೇಳಿದ ಕ್ಲೆವೆನ್ ಅವರೇ ಎಲ್ಲ ವಿಸ್ತರಣೆಗಳನ್ನೂ ಮತ್ತೆ ಜಾಲಾಡಿ, 1993ರದ್ದು ಬಿಟ್ಟರೆ ಉಳಿದವುಗಳಲ್ಲಿ ಅಂಥ ಪರಿಣಾಮ ಕಾಣುತ್ತಿಲ್ಲ, ಆಗ ಜತೆಜತೆಗೆ ನಡೆದ ಕಲ್ಯಾಣ ಸುಧಾರಣೆ ಮತ್ತು ಆರ್ಥಿಕ ಏರಿಕೆಯ ಪಾಲನ್ನು ಬೇರ್ಪಡಿಸಬೇಕು ಎಂದರು. ವಾದ ಇನ್ನೂ ನಡೆದಿದೆ. ಯಾವುದೋ ಒಂದು ಅಧ್ಯಯನವನ್ನು ಹಿಡಿದು ಸದನದಲ್ಲಿ ಮೇಜು ಕುಟ್ಟುವವರು ಯಾವ ಪಕ್ಷದವರೇ ಇರಲಿ, ದಯವಿಟ್ಟು ಅವರನ್ನು ನಂಬಬೇಡಿ.

ಆದರೆ ಒಂದು ಮಾತಿನಲ್ಲಿ ಮಾತ್ರ ಸಾಕ್ಷ್ಯ ಒಂದೇ ಕಡೆಗೆ ವಾಲುತ್ತದೆ. ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂದು ತಮ್ಮ ಸಹೋದ್ಯೋಗಿಗಳು ವೇದಿಕೆಗಳಲ್ಲಿ ಹೇಳುವುದನ್ನು ನಾನು ಕೇಳುತ್ತಲೇ ಇದ್ದೇನೆ. ಅಭಿಜಿತ್ ಬ್ಯಾನರ್ಜಿ, ರೆಮಾ ಹನ್ನಾ, ಗೇಬ್ರಿಯಲ್ ಕ್ರೈಂಡ್ಲರ್, ಬೆಂಜಮಿನ್ ಓಲ್ಕೆನ್ ಇದನ್ನೇ ಪರೀಕ್ಷೆಗೊಡ್ಡಿದರು. ಆರು ಬಡ ದೇಶಗಳಲ್ಲಿ ನಡೆದಿದ್ದ ಏಳು ನಗದು ವರ್ಗಾವಣೆ ಪ್ರಯೋಗಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿದರು. ಹಣ ಯಾರಿಗೆ ಸಿಗಬೇಕೆಂದು ಚೀಟಿ ಎತ್ತಿದ ಹಾಗೆ ಆರಿಸಿದ ಪ್ರಯೋಗಗಳವು, ಹಾಗಾಗಿ ಹೋಲಿಕೆ ನ್ಯಾಯವಾದದ್ದು. ಗಂಡಸರಾಗಲಿ ಹೆಂಗಸರಾಗಲಿ ದುಡಿಮೆ ಬಿಟ್ಟರೆಂಬ ಕ್ರಮಬದ್ಧ ಪುರಾವೆ ಸಿಗಲಿಲ್ಲ. ಕೊಟ್ಟ ಹಣ ಕುಡಿತಕ್ಕೆ ಹೋಗುತ್ತದೆ ಎಂಬ ಮಾತನ್ನು ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ 19 ಅಧ್ಯಯನಗಳನ್ನು ಸೇರಿಸಿ ನೋಡಿದರು. ಅದಕ್ಕೂ ಆಧಾರ ಸಿಗಲಿಲ್ಲ.

ಶ್ರೀಮಂತ ದೇಶಗಳ ಚಿತ್ರ ತುಸು ಬೇರೆ, ಅದನ್ನೂ ಹೇಳಬೇಕು. ಅಮೆರಿಕದಲ್ಲಿ 1968ರಿಂದ 1982ರವರೆಗೆ ಕುಟುಂಬಗಳಿಗೆ ಖಾತರಿ ಆದಾಯ ಕೊಟ್ಟು ನಾಲ್ಕು ಪ್ರಯೋಗಗಳು ನಡೆದವು. ಅವುಗಳಲ್ಲಿ ದುಡಿಮೆಯ ಗಂಟೆಗಳು ಕಡಿಮೆಯಾದದ್ದು ನಿಜ. ಗಂಡಸರಲ್ಲಿ ಸ್ವಲ್ಪ, ಹೆಂಗಸರಲ್ಲಿ ಹಾಗೂ ಹರೆಯದವರಲ್ಲಿ ಇನ್ನಷ್ಟು. ಜನ ಕೆಲಸ ಎಸೆದು ಹೋದದ್ದು ಮಾತ್ರ ಎಲ್ಲೂ ಇಲ್ಲ. ಫಿನ್‌ಲ್ಯಾಂಡ್ 2017 ಮತ್ತು 2018ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೊ ಕೊಟ್ಟು, ಕೆಲಸ ಸಿಕ್ಕಿದರೂ ಅದನ್ನು ಕಿತ್ತುಕೊಳ್ಳಲಿಲ್ಲ. ಅವರು ಉಳಿದವರಿಗಿಂತ ವರ್ಷದಲ್ಲಿ ಸುಮಾರು ಆರು ದಿನ ಹೆಚ್ಚು ಕೆಲಸ ಮಾಡಿದರು. ಆರು ದಿನ ದೊಡ್ಡದೇನಲ್ಲ. ಆದರೆ ಸೋಮಾರಿತನದ ಭವಿಷ್ಯವಾಣಿ ನಿಜವಾಗಿದ್ದರೆ ಆ ಅಂಕಿ ಎದುರು ದಿಕ್ಕಿಗೆ ಹೋಗಬೇಕಿತ್ತು. ಅವರ ಮನಸ್ಸಿನ ನೆಮ್ಮದಿಯೂ ಸರ್ಕಾರದ ಮೇಲಿನ ನಂಬಿಕೆಯೂ ಹೆಚ್ಚಿದ್ದವು.

ಇನ್ನು ನನಗೆ ಎಲ್ಲಕ್ಕಿಂತ ಸಂಕಟ ಕೊಡುವ ವಿಷಯ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಸದನ ಮಂಜೂರು ಮಾಡಿದ ಹಣ ಅರ್ಜಿಯ ನಮೂನೆಯಲ್ಲಿ ಸಿಕ್ಕಿಬೀಳುತ್ತದೆ. ನಾನು ವಾರವಾರವೂ ನೋಡುವುದು ಇದನ್ನೇ. ಒಂದು ಪ್ರಮಾಣಪತ್ರ ತರಲು ಇನ್ನೊಂದು ಪ್ರಮಾಣಪತ್ರ ಬೇಕು. ಅರ್ಹತೆಯಿದ್ದೂ ಅರ್ಜಿ ಹಾಕದವರನ್ನು ಕಂಡು, ಅವರಿಗೆ ಅಷ್ಟೊಂದು ಅಗತ್ಯವಿಲ್ಲ ಎಂದು ತೀರ್ಮಾನಿಸುವವರಿದ್ದಾರೆ. ಏಮಿ ಫಿಂಕೆಲ್‌ಸ್ಟೈನ್ ಮತ್ತು ಮ್ಯಾಥ್ಯೂ ನೊಟೊವಿಡಿಗ್ಡೊ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಆಹಾರ ನೆರವಿಗೆ ಅರ್ಹರಾಗಿದ್ದೂ ಪಡೆಯದ ಸುಮಾರು 30,000 ಹಿರಿಯರ ಮೇಲೆ ಪ್ರಯೋಗ ನಡೆಸಿದರು. ಏನೂ ಮಾಡದೆ ಬಿಟ್ಟವರಲ್ಲಿ ಒಂಬತ್ತು ತಿಂಗಳಲ್ಲಿ ಶೇ 6ರಷ್ಟು ಜನ ಸೇರಿದರು. ನಿಮಗೆ ಅರ್ಹತೆ ಇರಬಹುದು ಎಂದು ಪತ್ರ ಬರೆದಾಗ ಶೇ 11. ಪತ್ರದ ಜತೆ ಫೋನಿನಲ್ಲಿ ಅರ್ಜಿ ತುಂಬಲು ನೆರವಾದಾಗ ಶೇ 18. ಒಂದು ಪತ್ರ, ಒಂದು ಫೋನ್ ಕರೆ ಸೇರಿ ಮೂರು ಪಟ್ಟು ಮಾಡಿದವು.

ಅದೇ ಅಧ್ಯಯನದಲ್ಲಿ ಹೀಗೆ ಹೊಸದಾಗಿ ಸೇರಿದವರು ಮೊದಲೇ ಸೇರಿದ್ದವರಿಗಿಂತ ಸ್ವಲ್ಪ ಕಡಿಮೆ ಕಷ್ಟದಲ್ಲಿದ್ದರು ಎಂದೂ ಕಂಡುಬಂತು. ಇಂಡೊನೇಷ್ಯಾದ ಒಂದು ಪ್ರಯೋಗದಲ್ಲಿ, ಫಲಾನುಭವಿಗಳೇ ಬಂದು ಅರ್ಜಿ ಹಾಕಬೇಕು ಎಂದಾಗ ಉಳ್ಳವರು ಬರಲಿಲ್ಲ, ಹಣ ಬಡವರನ್ನು ಚೆನ್ನಾಗಿ ತಲುಪಿತು. ಅಂದರೆ ತುಸು ತೊಡಕು ಜರಡಿಯಂತೆ ಕೆಲಸ ಮಾಡುವುದೂ ಉಂಟು. ಆದರೆ ಕಚೇರಿಗಳನ್ನೇ ಮುಚ್ಚಿದಾಗ ಆಗುವುದು ಬೇರೆ. ಅಮೆರಿಕದ ಸಾಮಾಜಿಕ ಭದ್ರತಾ ಕಚೇರಿಗಳು ಮುಚ್ಚಿದ ಕಡೆಗಳನ್ನು ಮನಸಿ ದೇಶಪಾಂಡೆ ಮತ್ತು ಯೂ ಲೀ ಅಧ್ಯಯನ ಮಾಡಿದರು. ಸುತ್ತಲಿನ ಪ್ರದೇಶದಲ್ಲಿ ಅಂಗವಿಕಲ ಪಿಂಚಣಿ ಪಡೆಯುವವರ ಸಂಖ್ಯೆ ಶೇ 16ರಷ್ಟು ಇಳಿದು, ಹಾಗೇ ಉಳಿಯಿತು. ಹೆಚ್ಚು ಪೆಟ್ಟು ಬಿದ್ದದ್ದು ಓದು ಕಡಿಮೆಯಿದ್ದವರಿಗೆ. ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ 2018ರಲ್ಲಿ, ಸರ್ಕಾರಿ ಆರೋಗ್ಯ ವಿಮೆ ಬೇಕಿದ್ದರೆ ಕೆಲಸ ಮಾಡುತ್ತಿರುವುದನ್ನು ತಿಂಗಳು ತಿಂಗಳೂ ವರದಿ ಮಾಡಿ ಎಂದರು. ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. ಉದ್ಯೋಗ ಹೆಚ್ಚಿದ್ದು ಕಾಣಲಿಲ್ಲ. ವಿಮೆ ಹೋದವರಲ್ಲಿ ಎಷ್ಟೋ ಜನ ಕೆಲಸ ಮಾಡುತ್ತಲೇ ಇದ್ದವರು, ವರದಿ ಮಾಡಲು ಆಗದವರು. ನಮ್ಮ ಹೆಂಗಸಿನ ಲೆಕ್ಕದಲ್ಲಿ ಈ ಅಲೆದಾಟದ ದಿನಗಳೂ ಸೇರಬೇಕು. ಪ್ರತಿ ಸಾಲಿಗೂ ಅವರು ಅರ್ಧ ದಿನದ ಕೂಲಿ ಕಟ್ಟುತ್ತಾರೆ. ಅದೂ ತೆರಿಗೆಯೇ, ಬೊಕ್ಕಸಕ್ಕೆ ಮಾತ್ರ ಒಂದು ಕಾಸೂ ಸೇರದ ತೆರಿಗೆ.

ಮಾನ್ಯರೇ, ವಸೂಲಿಯ ವಿಷಯಕ್ಕೆ ಬಂದಾಗ ಸರ್ಕಾರ ಎಷ್ಟು ಚುರುಕು ಎಂಬುದನ್ನು ನೋಡಿ. ಡೆನ್ಮಾರ್ಕಿನಲ್ಲಿ 40,000ಕ್ಕೂ ಹೆಚ್ಚು ತೆರಿಗೆದಾರರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2011ರಲ್ಲಿ ಬಂತು. ಉದ್ಯೋಗದಾತರು, ಬ್ಯಾಂಕುಗಳು ನೇರವಾಗಿ ಸರ್ಕಾರಕ್ಕೆ ತಿಳಿಸುವ ಆದಾಯದಲ್ಲಿ ಕಳ್ಳತನ ಬಹುತೇಕ ಇಲ್ಲವೇ ಇಲ್ಲ, ತಾವೇ ಘೋಷಿಸಿಕೊಳ್ಳುವ ಆದಾಯದಲ್ಲಿ ಮಾತ್ರ ಸಾಕಷ್ಟಿದೆ. ಸಂಬಳದವರ ಆದಾಯ ತಮ್ಮ ಕಂಪ್ಯೂಟರಿನಲ್ಲಿ ಆಗಲೇ ಇದೆ ಎಂದು ಇದರರ್ಥ. ತೆರಿಗೆ ಹಿಡಿಯಲು ಸಾಕಾಗುವ ಆ ಮಾಹಿತಿ, ಸಹಾಯಧನ ಕೊಡುವಾಗ ಯಾಕೆ ಸಾಲದು? ಹಿಡಿಯುವಾಗ ಸರ್ಕಾರವೇ ಲೆಕ್ಕ ಹಾಕುತ್ತದೆ, ಕೊಡುವಾಗ ಬಡವರು ಹಾಕಿ ತೋರಿಸಬೇಕು.

ಅಮೆರಿಕ 2021ರಲ್ಲಿ ಇದನ್ನು ಒಮ್ಮೆ ತಿರುಗಿಸಿ ನೋಡಿತು. ಮಕ್ಕಳಿರುವ ಕುಟುಂಬಗಳ ತೆರಿಗೆ ರಿಯಾಯಿತಿಯನ್ನು ಹೆಚ್ಚಿಸಿ, ಆದಾಯವೇ ಇಲ್ಲದವರಿಗೂ ಪೂರ್ತಿ ಸಿಗುವಂತೆ ಮಾಡಿ, ತೆರಿಗೆ ಇಲಾಖೆಯಲ್ಲಿ ದಾಖಲೆಯಿದ್ದವರಿಗೆ ಅರ್ಜಿಯಿಲ್ಲದೆ ತಿಂಗಳು ತಿಂಗಳೂ ಅರ್ಧದಷ್ಟನ್ನು ಖಾತೆಗೆ ಹಾಕಿತು. ಸರ್ಕಾರಿ ನೆರವನ್ನೂ ಎಣಿಸುವ ಅಲ್ಲಿನ ಅಳತೆಯಲ್ಲಿ ಮಕ್ಕಳ ಬಡತನ ಆ ವರ್ಷ ಶೇ 5.2ಕ್ಕೆ ಇಳಿಯಿತು. ಯೋಜನೆಯನ್ನು ಮುಂದುವರಿಸಲಿಲ್ಲ. ಮರುವರ್ಷ ಅದು ಶೇ 12.4. ಕೋವಿಡ್ ಕಾಲದ ಬೇರೆ ನೆರವುಗಳೂ ಆ ಏರಿಳಿತದಲ್ಲಿ ಸೇರಿದ್ದವು, ಅದು ನನಗೆ ಗೊತ್ತು. ಆದರೂ ಒಂದೇ ವರ್ಷದಲ್ಲಿ ಆ ಅಂಕಿ ಹೀಗೆ ದುಪ್ಪಟ್ಟಾದದ್ದನ್ನು ನೋಡಿದ ಮೇಲೆ, ಮಕ್ಕಳ ಬಡತನ ಹಣೆಬರಹ ಎಂದು ನನ್ನೆದುರು ಯಾರೂ ಹೇಳದಿರಲಿ.

ಇದೇ ಮಾಹಿತಿಯನ್ನು ಕಣ್ಣುಮುಚ್ಚಿ ಬಳಸಿದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಆಸ್ಟ್ರೇಲಿಯಾದಲ್ಲಿ ತೆರಿಗೆ ಇಲಾಖೆಯ ವಾರ್ಷಿಕ ಆದಾಯವನ್ನು ಹದಿನೈದು ದಿನಗಳ ಕಂತುಗಳಿಗೆ ಸಮನಾಗಿ ಹಂಚಿ, ನೀವು ಹೆಚ್ಚು ಸಹಾಯಧನ ಪಡೆದಿದ್ದೀರಿ ಎಂದು ಕಂಪ್ಯೂಟರೇ ಸಾಲದ ನೋಟಿಸು ಕಳಿಸಿತು. ಬಡವರ ದುಡಿಮೆ ಸಮನಾಗಿ ಬರುವುದಿಲ್ಲ ಎಂಬ ಸಾಮಾನ್ಯ ತಿಳಿವಳಿಕೆ ಅದಕ್ಕಿರಲಿಲ್ಲ. ಸಾಲವಿಲ್ಲವೆಂದು ಸಾಬೀತು ಮಾಡುವ ಹೊರೆ ಜನರ ಮೇಲೆ ಬಿತ್ತು. ಅದು ಒರಟು, ಕ್ರೂರ, ನ್ಯಾಯವೂ ಅಲ್ಲ ಕಾನೂನುಬದ್ಧವೂ ಅಲ್ಲ ಎಂದು ವಿಚಾರಣಾ ಆಯೋಗ 2023ರಲ್ಲಿ ಹೇಳಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಶಿಶುಪಾಲನೆಯ ಸಹಾಯಧನದಲ್ಲಿ ಸಣ್ಣ ತಪ್ಪು ಕಂಡರೂ ಇಡೀ ಮೊತ್ತವನ್ನು ವಾಪಸು ಕೇಳಿದರು. ಸಾವಿರಾರು ಕುಟುಂಬಗಳು ವಂಚಕರೆಂಬ ಹಣೆಪಟ್ಟಿ ಹೊತ್ತು ಬೀದಿಗೆ ಬಂದವು, 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಇಲ್ಲಿಯೂ ಮೂಲದಲ್ಲಿದ್ದದ್ದು ಅದೇ ಪ್ರಪಾತ: ಎಲ್ಲವೂ ಸರಿಯಿದ್ದರೆ ಪೂರ್ತಿ, ಒಂದು ತಪ್ಪಿದ್ದರೆ ಸೊನ್ನೆ.

ಹಣ ಎಲ್ಲಿಂದ ತರೋಣ ಎಂದು ತಾವು ಕೇಳುವುದು ಸಹಜ. ನೇಥನ್ ಹೆಂಡ್ರೆನ್ ಮತ್ತು ಬೆನ್ ಸ್ಪ್ರಂಗ್-ಕೀಸರ್ 2020ರಲ್ಲಿ ಅಮೆರಿಕದ 133 ನೀತಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದರು. ಬಡ ಮಕ್ಕಳ ಆರೋಗ್ಯಕ್ಕೂ ಓದಿಗೂ ಹಾಕಿದ ಹಣ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತ್ತು. ಆ ಮಕ್ಕಳು ದೊಡ್ಡವರಾಗಿ ಹೆಚ್ಚು ದುಡಿದು ಕಟ್ಟಿದ ತೆರಿಗೆಯಿಂದ ಹಲವು ಯೋಜನೆಗಳ ಖರ್ಚು ತಾನಾಗಿ ಮರಳಿತ್ತು. ಎಲ್ಲ ಯೋಜನೆಗಳೂ ಹೀಗೆ ಎಂದು ನಾನು ಹೇಳಲಾರೆ, ದೊಡ್ಡವರಿಗೆ ಮಾಡಿದ ಖರ್ಚಿನಲ್ಲಿ ಅಂಥ ಮರಳಿಕೆ ಕಡಿಮೆ. ಅವರನ್ನು ನೋಡಿಕೊಳ್ಳಬೇಕಾದದ್ದು ಬೇರೆ ಕಾರಣಕ್ಕೆ. ಆದರೆ ಇಬ್ಬರು ಮಕ್ಕಳಿರುವ ಮನೆಯ ಸಹಾಯಧನವನ್ನು ಮೊದಲು ಕತ್ತರಿಸಿ ಉಳಿತಾಯ ಮಾಡಿದೆವು ಎಂದರೆ, ಆ ಲೆಕ್ಕವನ್ನು ಇಪ್ಪತ್ತು ವರ್ಷಕ್ಕೆ ಹಾಕಿ ನೋಡಿಲ್ಲ ಎಂದೇ ಅರ್ಥ.

ನಾನು ಕೇಳುತ್ತಿರುವುದು ಹೊಸ ಯೋಜನೆಯನ್ನಲ್ಲ. ಮುಂದಿನ ಬಜೆಟ್ ಪುಸ್ತಕದಲ್ಲಿ ಒಂದು ಕೋಷ್ಟಕ ಸೇರಿಸಿ. ಒಂಟಿ ತಾಯಿ, ಇಬ್ಬರೂ ದುಡಿಯುವ ದಂಪತಿ, ಅಂಗವಿಕಲರಿರುವ ಮನೆ, ವೃದ್ಧರು, ಹೀಗೆ ಹತ್ತು ಬಗೆಯ ಕುಟುಂಬಗಳು ಸಾಕು. ಪ್ರತಿಯೊಂದಕ್ಕೂ ಆದಾಯದ ಪ್ರತಿ ಹಂತದಲ್ಲಿ, ಹೊಸದಾಗಿ ದುಡಿದ ನೂರರಲ್ಲಿ ಎಲ್ಲ ಇಲಾಖೆಗಳ ತೆರಿಗೆ, ಕಡಿತ ಕಳೆದು ಕೈಗೆ ಎಷ್ಟು ಉಳಿಯುತ್ತದೆ ಎಂದು ಬರೆಯಿರಿ. ಬಹುತೇಕ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ತನ್ನ ಸದಸ್ಯ ದೇಶಗಳಿಗೆ ಇಂಥ ಲೆಕ್ಕವನ್ನು ವರ್ಷಗಳಿಂದ ಹಾಕುತ್ತಿದೆ, ಮಾಡಲಾಗದ ಕೆಲಸವಲ್ಲ. ಎಲ್ಲಿ ನೂರಕ್ಕೆ ನೂರು ಅಥವಾ ಅದಕ್ಕೂ ಹೆಚ್ಚು ಹೋಗುತ್ತಿದೆಯೋ ಆ ಅಂಚುಗಳನ್ನು ಮೊದಲು ಇಳಿಜಾರು ಮಾಡಿ. ಆದಾಯ ಏರಿದ ತಕ್ಷಣ ನಿಲ್ಲಿಸುವ ಬದಲು ಕೆಲವು ತಿಂಗಳ ಕಾಲಾವಕಾಶ ಕೊಡಿ, ಹೊಸ ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದು ಅವರಿಗೂ ಗೊತ್ತಿರುವುದಿಲ್ಲ. ತಮ್ಮ ಬಳಿ ಆಗಲೇ ಇರುವ ದಾಖಲೆಯನ್ನು ಮತ್ತೆ ಜನರಿಂದ ಕೇಳಬೇಡಿ. ಕಂಪ್ಯೂಟರ್ ಕಳಿಸುವ ಯಾವ ನೋಟಿಸೂ ಮನುಷ್ಯರೊಬ್ಬರು ಓದಿ ಸಹಿ ಹಾಕದೆ ಹೊರಡದಿರಲಿ.

ಮತ್ತು ಬದಲಾವಣೆಯನ್ನು ಎಲ್ಲ ಕಡೆ ಒಂದೇ ದಿನ ತರಬೇಡಿ. ಮಕ್ಕಳನ್ನು ಶಾಲೆಗೆ ಕಳಿಸುವ ಬಡ ಕುಟುಂಬಗಳಿಗೆ ಹಣ ಕೊಡುವ ಪ್ರೊಗ್ರೆಸಾ ಎಂಬ ಯೋಜನೆಯನ್ನು ಮೆಕ್ಸಿಕೊ 1997ರಲ್ಲಿ ತಂದಾಗ ಎಲ್ಲರಿಗೂ ಒಟ್ಟಿಗೆ ಕೊಡುವಷ್ಟು ಹಣವಿರಲಿಲ್ಲ. ಆರಿಸಿದ 506 ಹಳ್ಳಿಗಳಲ್ಲಿ 320ಕ್ಕೆ ಮೊದಲು, 186ಕ್ಕೆ ನಂತರ ಎಂದು ಚೀಟಿ ಎತ್ತಿದಂತೆ ತೀರ್ಮಾನಿಸಿದರು. ಎರಡೂ ಗುಂಪುಗಳನ್ನು ಹೋಲಿಸಿದಾಗ ಪ್ರೌಢಶಾಲೆಗೆ ಸೇರುವ ಮಕ್ಕಳು, ಮುಖ್ಯವಾಗಿ ಹೆಣ್ಣುಮಕ್ಕಳು, ಹೆಚ್ಚಿದ್ದು ಯಾರೂ ಅಲ್ಲಗಳೆಯದಂತೆ ಕಂಡಿತು. 2000ದಲ್ಲಿ ಏಳು ದಶಕಗಳ ಆಡಳಿತ ಪಕ್ಷವೇ ಸೋತರೂ, ಬಂದವರು ಹೆಸರು ಬದಲಿಸಿದರು, ಯೋಜನೆಯನ್ನು ಉಳಿಸಿಕೊಂಡರು. ತಮ್ಮ ಕೆಲಸ ತಮ್ಮ ಅಧಿಕಾರಾವಧಿಗಿಂತ ಹೆಚ್ಚು ಬಾಳಬೇಕೆಂದಿದ್ದರೆ ಅದರ ಫಲಿತಾಂಶವನ್ನು ಅಳೆಯಲು ಬಿಡಿ, ಅಂಕಿಅಂಶಗಳನ್ನು ಎಲ್ಲರಿಗೂ ತೆರೆದಿಡಿ. ಹೊಗಳದ ಸಂಶೋಧಕರಿಗೂ.

ಆ ಹೆಂಗಸು ಪೂರ್ಣಾವಧಿ ಕೆಲಸ ಬೇಡವೆಂದರು. ಅದು ಬೇರೆಯವರ ಪಾಲಾಯಿತು. ಮುಂದಿನ ವರ್ಷ ಮತ್ತೊಂದು ಜಾಗ ಖಾಲಿಯಾಗುತ್ತದಂತೆ, ಆಗ ಏನು ಹೇಳಲಿ ಎಂದು ಮೊನ್ನೆ ಕೇಳಿದರು. ನಾವು ಲೆಕ್ಕ ಹಾಕಿದ ಹಾಳೆ ನನ್ನ ಬಳಿ ಇದೆ. ಅವರ ಹೆಸರನ್ನು ಅಳಿಸಿ ತಮ್ಮ ಕಚೇರಿಗೆ ಕಳಿಸುತ್ತೇನೆ. ತಮ್ಮ ಅಧಿಕಾರಿಗಳು ಅದನ್ನು ಪರಿಶೀಲಿಸಿ, ನಮ್ಮ ಕೂಡಿಸುವ ಕಳೆಯುವ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ ಕಳಿಸಲಿ. ತಪ್ಪಿಲ್ಲದಿದ್ದರೆ, ಅವರಿಗೆ ನಾನು ಏನು ಹೇಳಬೇಕೆಂದು ತಾವೇ ಎರಡು ಸಾಲು ಬರೆದು ಕೊಡಿ.

ಗೌರವಪೂರ್ವಕವಾಗಿ,
ಅರ್ಜಿ ತುಂಬಿಕೊಡುವ ಒಬ್ಬ ನಾಗರಿಕ